ಮಾದಪ್ಪನ ಬೆಟ್ಟ ಎಷ್ಟು ದೂರ?

ಹನೂರು ಬಿಟ್ಟ ಬಸ್ಸು ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂತೆಂದರೆ ಮುಂದೆ ಇಪ್ಪತ್ತೇಳು ತಿರುವು. ಕಿಟಕಿ ಪಕ್ಕದ ಅಜ್ಜಿ ಎಲೆಅಡಿಕೆ ಚೀಲದಿಂದ ನಿಂಬೆಹಣ್ಣು ತೆಗೆದು ಮೂಸುತ್ತಾರೆ. ಡ್ರೈವರ್ ಹಾರ್ನ್ ಒತ್ತಿ, ಮೈಯೆಲ್ಲ ಸ್ಟೀರಿಂಗ್ ಮೇಲೆ ಹಾಕಿ ಬಸ್ಸು ತಿರುಗಿಸುತ್ತಾನೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಹನೂರಿನಿಂದ ಬೆಟ್ಟ ಸುಮಾರು 30 ಕಿ.ಮೀ. ಬಸ್ಸು ಓಡುವುದು 50ಕ್ಕೂ ಹೆಚ್ಚು.

ನೇರ ದೂರದ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದು. ಈ ಸೀಮೆ ಇರುವ 12 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 109 ಕಿ.ಮೀ. ಹನೂರು 77.3 ಡಿಗ್ರಿ, ಬೆಟ್ಟ 77.6ರ ಹತ್ತಿರ. ಕಳೆದು ಗುಣಿಸಿದರೆ ಮುಗಿಯಿತು. ದೂರ ಸಾವಿರಾರು ಕಿಲೋಮೀಟರ್ ಆದಾಗ ಮಾತ್ರ ಭೂಮಿಯ ಗುಂಡುಮೈಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೂ ಪಿಟ್ಕೇರ್ನ್ ದ್ವೀಪಕ್ಕೂ ಹಾಗೆ ಎಣಿಸಿದರೆ ಸುಮಾರು 2,000 ಕಿ.ಮೀ. ಜೆಟ್ ವಿಮಾನಕ್ಕೆ ಎರಡೂವರೆ ಗಂಟೆಯ ದಾರಿ. ಆದರೆ ಪಿಟ್ಕೇರ್ನ್‌ನಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ. ಟಹೀಟಿಗೆ ಹೋಗಿ, ಅಲ್ಲಿಂದ ಮಂಗರೇವಾಕ್ಕೆ ಹಾರಿ, ಮತ್ತೆ ಒಂದು ದಿನಕ್ಕೂ ಮಿಕ್ಕಿ ಹಡಗಿನಲ್ಲಿ ಕೂರಬೇಕು. ಓದಿದಾಗ ನನಗೆ ಆ ದ್ವೀಪದವರು ನಮ್ಮ ಮಲೆಯವರೇ ಅನ್ನಿಸಿತು.

ನಮ್ಮಲ್ಲಿ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ್ದೂ ಇದೇ ಕಥೆ: ನಕ್ಷೆಯಲ್ಲಿ ಹತ್ತಿರ, ರಸ್ತೆಯಲ್ಲಿ ದೂರ.

ಈ ಸೀಮೆಯಿಂದ ನೆಟ್ಟಗೆ ಹೊರಟದ್ದು ಒಂದಿದೆ. ಕೊಳ್ಳೇಗಾಲದ ಮಗ್ಗುಲಲ್ಲೇ ಕಾವೇರಿ ಕವಲೊಡೆದು ಮಾಡಿದ ದ್ವೀಪ ಶಿವನಸಮುದ್ರ. ಅಲ್ಲಿನ ನೀರಿನಿಂದ ಹುಟ್ಟಿದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿ ತಲುಪಿತು. ತಂತಿಯ ಉದ್ದ 92 ಮೈಲಿ, ಅಂದರೆ 148 ಕಿ.ಮೀ. ನಕ್ಷೆಯಲ್ಲಿ ನಾನು ಅಳೆದ ನೇರ ದೂರ 140ರ ಆಸುಪಾಸು. ಅಷ್ಟು ದೂರದಲ್ಲಿ ಸುತ್ತು ಬರೀ ಎಂಟು ಕಿಲೋಮೀಟರ್!

ಇನ್ನೊಂದು ನೇರದಾರಿ ಭಕ್ತರದ್ದು. ಶಿವರಾತ್ರಿಗೆ ಕನಕಪುರದ ಕಡೆಯವರು ಕಾವೇರಿಯ ಸಂಗಮದಲ್ಲಿ ಹಗ್ಗ ಹಿಡಿದು ಹೊಳೆಗಿಳಿಯುತ್ತಾರೆ. ತಲೆ ಮೇಲೆ ಗಂಟು, ಎದೆಮಟ್ಟದ ನೀರು, ಬಾಯಲ್ಲಿ ಉಘೇ ಉಘೇ. ಆಚೆ ದಡ ಹನೂರು ತಾಲ್ಲೂಕು. ಕೊಳ್ಳೇಗಾಲ ಸುತ್ತಿ ಬರುವ ರಸ್ತೆಯನ್ನು ಅವರು ಕಾಲಿನಲ್ಲೇ ಕತ್ತರಿಸಿಬಿಡುತ್ತಾರೆ.

ಹರಕೆಯವರು ವರ್ಷಕ್ಕೊಮ್ಮೆ ನಡೆಯುತ್ತಾರೆ. ಬೆಟ್ಟದ ಸುತ್ತ ರಸ್ತೆ ಕಾಣದ ಊರುಗಳವರಿಗೆ ದಿನವೂ ಅದೇ ನಡಿಗೆ. ಆಸ್ಪತ್ರೆ ಎಷ್ಟು ದೂರ ಅಂತ ಕಿಲೋಮೀಟರಿನಲ್ಲಿ ಬರೆದುಕೊಂಡರೆ ಅವರ ಪಾಲಿಗೆ ಅದು ಸುಳ್ಳು ಲೆಕ್ಕ. ಎಷ್ಟು ಹೊತ್ತು ಅಂತ ಬರೆಯಬೇಕು. ಕಾಯಿಲೆಯವರನ್ನು, ಬಸುರಿಯರನ್ನು ಅವರು ಡೋಲಿ ಕಟ್ಟಿ ಹೊತ್ತು ತರುತ್ತಾರೆ. ಗಳುವಿನ ಎರಡು ತುದಿಗೆ ಎರಡು ಹೆಗಲು, ನಡುವೆ ಕಂಬಳಿಯ ತೊಟ್ಟಿಲು. ಹೆಗಲು ಬದಲಿಸಲು ನಿಂತಾಗೆಲ್ಲ ಒಳಗಿರುವವಳು ಕೇಳುತ್ತಾಳೆ: ‘ಇನ್ನೆಷ್ಟು ದೂರ ಅಣ್ಣ?’