ನಿಮಗಿದು ಗೊತ್ತೆ? ನೈಲ್ ನೀರೆತ್ತಿದ ಬಿಸಿಲು

ಅರಬ್ ನಾಡೆಂದರೆ ನಮಗೆ ಮೊದಲು ನೆನಪಾಗುವುದು ತೈಲ. ಆದರೆ ಈಜಿಪ್ಟಿನ ಕೈರೋ ಬಳಿಯ ಮಾದಿಯಲ್ಲಿ 1913ರಲ್ಲೇ ಬಿಸಿಲಿನಿಂದ ಪಂಪು ಓಡಿತ್ತು! ಅಮೆರಿಕದ ಫ್ರಾಂಕ್ ಶುಮನ್ ಅಲ್ಲಿ ದೋಣಿಯಂತೆ ಬಾಗಿದ, ತಲಾ ಸುಮಾರು 60 ಮೀಟರ್ ಉದ್ದದ ಐದು ಸಾಲು ಕನ್ನಡಿಗಳನ್ನು ನಿಲ್ಲಿಸಿದರು. ಅವು ಬಿಸಿಲನ್ನು ಒಟ್ಟುಗೂಡಿಸಿ ನೀರನ್ನು ಆವಿಯಾಗಿಸುತ್ತಿದ್ದವು. ಆ ಆವಿಯ ಬಲದಿಂದ ನೈಲ್ ನೀರು ಹೊಲಕ್ಕೆ ಏರಿತು. ಮರುವರ್ಷವೇ ಮೊದಲ ಮಹಾಯುದ್ಧ. ಜತೆಗೆ ಅಗ್ಗದ ತೈಲ. ಅಂಥ ಅಪೂರ್ವ ಯಂತ್ರ ಮೂಲೆಗುಂಪಾಯಿತು.

ಅದೇ ಈಜಿಪ್ಟಿನಲ್ಲಿ, ಅಸ್ವಾನ್ ಸಮೀಪದ ಬೆನ್‌ಬಾನ್ ಮರಳುಗಾಡಿನಲ್ಲಿ ಈಗ ಸುಮಾರು 37 ಚದರ ಕಿ.ಮೀ. ವಿಸ್ತಾರದ ಸೌರ ಪಾರ್ಕ್ ಇದೆ. ಇದಕ್ಕೆ ಹಣ ಹರಿದುಬಂದ ಬಗೆ ಗಮನಿಸಬೇಕಾದದ್ದು. ಸರ್ಕಾರ 2014ರಲ್ಲಿ ಸೌರ ವಿದ್ಯುತ್ತಿಗೆ ನಿಗದಿತ ಖರೀದಿ ದರ ಘೋಷಿಸಿತು. 25 ವರ್ಷ ಕೊಳ್ಳುವ ಒಪ್ಪಂದ ಏರ್ಪಟ್ಟಿತು. ಆ ಭರವಸೆ ಇದ್ದದ್ದರಿಂದಲೇ ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿಯಂಥ ಸಂಸ್ಥೆಗಳು ಸಾಲ ಕೊಡಲು ಮುಂದಾದವು.

ಶುಮನ್ ಅವರ ಬಾಗಿದ ಕನ್ನಡಿಯೂ ಅಳಿಯಲಿಲ್ಲ. ಮೊರಾಕ್ಕೊದ ವಾರ್ಝಝಾತ್‌ನಲ್ಲಿ 2016ರಲ್ಲಿ ಉದ್ಘಾಟನೆಯಾದ ನೂರ್-1 ಸ್ಥಾವರ ಅದೇ ತತ್ವದ್ದು. ಹಗಲಿನ ಶಾಖವನ್ನು ಕರಗಿದ ಉಪ್ಪಿನಲ್ಲಿ ಕೂಡಿಟ್ಟು, ಹೊತ್ತು ಮುಳುಗಿದ ಮೇಲೂ ಸುಮಾರು ಮೂರು ತಾಸು ವಿದ್ಯುತ್ ಕೊಡುತ್ತದೆ. ‘ನೂರ್’ ಎಂದರೆ ಅರಬ್ಬಿಯಲ್ಲಿ ಬೆಳಕು.