ಮಹಾವೀರಾಚಾರ್ಯರ ಗಣಿತದೃಷ್ಟಿ

ಗಣಿತವೆಂದೊಡನೆ ಅಂಜುವ ಮಕ್ಕಳು ಇಂದಿಗೂ ಮನೆಮನೆಯಲ್ಲಿರುವರು. ಅದು ಪರೀಕ್ಷೆಗಾಗಿಯೇ ಹುಟ್ಟಿದ ವಿದ್ಯೆಯೆಂಬ ಭಾವನೆಯೇ ಈ ಅಂಜಿಕೆಗೆ ಮೂಲ. ಇದಕ್ಕೆ ಸಾವಿರ ವರ್ಷಗಳಿಗೂ ಹಿಂದೆಯೇ ಉತ್ತರವಿತ್ತವರು ಮಹಾವೀರಾಚಾರ್ಯರು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಈ ಜೈನ ವಿದ್ವಾಂಸರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರದ ಅಂಗವಾಗಿತ್ತು. ಆಚಾರ್ಯರಾದರೋ ಗಣಿತಕ್ಕೇ ಗ್ರಂಥವನ್ನು ಮೀಸಲಿಟ್ಟರು. ಸಂಗೀತ, ವೈದ್ಯ, ವಾಸ್ತು, ಅಡುಗೆ ಇವೆಲ್ಲಕ್ಕೂ ಗಣಿತವು ಬೇಕೆಂದು ಆರಂಭದಲ್ಲಿಯೇ ಸಾರಿದರು.

ಅವರ ಒಂದು ಲೆಕ್ಕವನ್ನು ನೋಡಿರಿ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳಲ್ಲಿ ಮೂರು ಮೂರನ್ನು ಬೆರೆಸಿದರೆ ಎಷ್ಟು ಬಗೆಯಾದೀತು? 6, 5, 4ರ ಗುಣಲಬ್ಧವಾದ 120ನ್ನು 1, 2, 3ರ ಗುಣಲಬ್ಧವಾದ 6ರಿಂದ ಭಾಗಿಸಿರಿ, ಉತ್ತರ 20. ಎಷ್ಟೇ ವಸ್ತುಗಳಿದ್ದರೂ ಸಲ್ಲುವ ಸೂತ್ರವಿದು.

ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದುದನ್ನು ಮಾತ್ರ ಇಂದಿನ ಗಣಿತವು ಒಪ್ಪದು. ಹಿರಿಯರ ಮಾತನ್ನೂ ಪರೀಕ್ಷಿಸಿಯೇ ಸ್ವೀಕರಿಸುವುದು ಈ ಶಾಸ್ತ್ರದ ಧರ್ಮ.

ಮುಂದೆ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದರು. ಭಾಷೆ ಬದಲಾದರೂ ಲೆಕ್ಕ ಬದಲಾಗಲಿಲ್ಲ.

ಗಡಿಯಾಚೆಯ ನಮ್ಮ ಮಕ್ಕಳು ಶಾಲೆಯಲ್ಲಿ ಯಾವ ನುಡಿಯಲ್ಲಿಯೇ ಗಣಿತವನ್ನು ಕಲಿಯಲಿ, ಮನೆಯಲ್ಲಿ ತಾಯಿತಂದೆಯರು ಕನ್ನಡದಲ್ಲಿ ಒಂದು ಲೆಕ್ಕವನ್ನು ಕೇಳಬಹುದಲ್ಲವೇ? ಅಡುಗೆಮನೆಯಿಂದಲೇ ಆರಂಭಿಸಿರಿ: ಆರು ರಸಗಳಲ್ಲಿ ಎರಡೆರಡನ್ನು ಬೆರೆಸಿದರೆ ಎಷ್ಟು ಬಗೆ?