ಕಣ್ಣೊಂದೇ ಸಾಲದು

ರಜೆಯ ದಿನ ಕುಟುಂಬವೊಂದು ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ನೋಡಲು ಬರುತ್ತದೆ. ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಹಿರಿಯರು ಫಲಕ ಓದುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಕಣ್ಣು ಮಂಜಾದ ಅಜ್ಜ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. 'ಅವರಿಗೆ ಕಾಣುವುದಿಲ್ಲವಲ್ಲ, ಒಳಗೆ ಬಂದು ಮಾಡುವುದೇನು?' ಎಂಬುದು ಮನೆಯವರ ಮಾತು. ಪರಂಪರೆಯು ಕಣ್ಣಿಗಷ್ಟೇ ಸೇರಿದ್ದೆಂಬ ತಪ್ಪು ತಿಳಿವಳಿಕೆ ಈ ಮಾತಿನಲ್ಲಿ ಅಡಗಿದೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಪ್ರಾಣಿಗಳಿಗೆ ಮೂಲಭೂತವಾದ ಇಂದ್ರಿಯವೆಂದು ಎಣಿಸಿದ್ದು ಕಣ್ಣನ್ನಲ್ಲ, ಸ್ಪರ್ಶವನ್ನು. ಅವನ ಮಾತಿನ ಸತ್ಯ ಅಣ್ಣಿಗೇರಿಯಲ್ಲಿ ಮನವರಿಕೆಯಾಗುತ್ತದೆ. ಕ್ರಿ.ಶ. 1050ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಕಟ್ಟಲಾದ ಈ ಗುಡಿಯ ಛಾವಣಿಯನ್ನು 76 ಕಂಬಗಳು ಹೊತ್ತಿವೆ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಬಳಸಿದ್ದು ಮರಳುಗಲ್ಲನ್ನು. ಇಲ್ಲಿನವರು ಆರಿಸಿದ್ದು ಬಳಪದ ಕಲ್ಲನ್ನು. ಅದು ಅಗೆದಾಗ ಮೆದು, ಗಾಳಿಗೊಡ್ಡಿದಂತೆ ಗಟ್ಟಿ. ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಆ ಗುಣದಿಂದಲೇ. ಫಲಕದ ಹತ್ತು ಸಾಲುಗಳು ಹೇಳಲಾರದ್ದನ್ನು ಬೆರಳು ಕ್ಷಣದಲ್ಲಿ ಅರಿಯಬಲ್ಲದು.

ಹಾಗೆಂದು ಎಲ್ಲರೂ ಕಂಬಗಳನ್ನು ಸವರತೊಡಗಿದರೆ ಬೆವರು, ಜಿಡ್ಡುಗಳಿಂದ ಕೆತ್ತನೆ ಸವೆಯುತ್ತದೆ. ಆದ್ದರಿಂದ ಎರಡೂ ಬಗೆಯ ಕಲ್ಲಿನ ತುಂಡುಗಳನ್ನೂ ಕಂಬದ ಚಿಕ್ಕದೊಂದು ಪ್ರತಿಕೃತಿಯನ್ನೂ ಪ್ರವೇಶದ್ವಾರದ ಬಳಿ ಇರಿಸಿ, ಮುಟ್ಟಲು ಬಿಡುವುದು ವಿವೇಕ. ಇದಕ್ಕೆ ಹೆಚ್ಚು ಹಣವೂ ಬೇಕಿಲ್ಲ.

ಕಲ್ಲು ಕೈಗೆ ಹೇಳುವುದನ್ನು ಕುಂದಗೋಳದ ನಾಡಗೀರ ವಾಡೆ ಕಿವಿಗೆ ಹೇಳುತ್ತದೆ. ಸವಾಯಿ ಗಂಧರ್ವರ (1886–1952) ಸ್ಮರಣೆಯ ಸಂಗೀತೋತ್ಸವ ನಡೆಯುವುದು ಇಲ್ಲಿಯೇ. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಇಂಥ ಊರಿಗೆ ಬಂದವರು ಗೋಡೆಗಳನ್ನಷ್ಟೇ ನೋಡಿ, ಒಂದು ಆಲಾಪವನ್ನೂ ಕೇಳದೆ ಮರಳಿದರೆ ನೋಡಿದ್ದಾದರೂ ಏನನ್ನು?

ನವಲಗುಂದದ ಜಮಖಾನೆಯೂ ಹಾಗೆಯೇ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳು ಅದನ್ನು ನೇಯುತ್ತಾರೆ. ಅವರ ಅನುಮತಿ ಪಡೆದು, ಬಣ್ಣದ ನೂಲನ್ನು ತಾನೇ ಒಂದು ಸಾಲು ಹಾಯಿಸಿ ನೋಡಿದ ಮಗು, ಬೆಲೆ ಕೇಳಿದಾಗ ಚೌಕಾಸಿ ಮಾಡಲು ಹಿಂಜರಿದೀತು. ಶ್ರಮದ ಗೌರವವನ್ನು ಅದು ಬೆರಳಿನಿಂದ ಕಲಿತಿರುತ್ತದೆ.

ಅಧಿಕಾರಿಗಳು ವ್ಯವಸ್ಥೆ ಮಾಡಲೆಂದು ಕಾಯುವುದೇಕೆ? ಮುಂದಿನ ಬಾರಿ ಅಣ್ಣಿಗೇರಿಗೆ ಹೋದಾಗ ಅಜ್ಜನನ್ನು ಕೈಹಿಡಿದು ಒಳಗೆ ಕರೆದೊಯ್ಯಿರಿ. ಬಿಸಿಲಿನಿಂದ ಕಂಬಗಳ ತಂಪಿಗೆ ಕಾಲಿಟ್ಟೊಡನೆ ಅವರು ಒಂದು ಕ್ಷಣ ನಿಲ್ಲುತ್ತಾರೆ. ಮಕ್ಕಳೂ ಅವರೊಡನೆ ಕಣ್ಣು ಮುಚ್ಚಿ ನಿಲ್ಲಲಿ. ಅಂದು ದಾರಿ ತೋರಿಸುವವರು ಅಜ್ಜನೇ.